ಕಡಲಿಗೂ ಬೇಕು ಮತ್ಸ್ಯತೀರ್ಥ



ನಿಮ್ಮಲ್ಲಿ ಅನೇಕರು ಶೃಂಗೇರಿಗೆ ಹೋಗಿರಬಹುದು. ದೇವರ ದರ್ಶನ ಮುಗಿಸಿ, ಮೆಟ್ಟಿಲಿಳಿದು, ತುಂಗೆಯ ದಡದಲ್ಲಿ ನಿಂತು ಒಂದು ಹಿಡಿ ಮಂಡಕ್ಕಿ ಎಸೆದಿರಬಹುದು. ಎಸೆದ ಮರುಕ್ಷಣವೇ ನೀರು ಕುದಿದಂತಾಗಿ, ಮೊಣಕೈಯುದ್ದದ ಮೀನುಗಳು ಒಂದರ ಮೇಲೊಂದು ಏರಿ ಬರುತ್ತವೆ. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ದೇವಸ್ಥಾನದ ಮುಂದೆ ಹರಿಯುವ ಕಪಿಲಾ ನದಿಯಲ್ಲಿಯೂ ಇದೇ ನೋಟ. ಅಂಥ ಜಾಗಕ್ಕೆ ನಮ್ಮ ಹಿರಿಯರು ಮತ್ಸ್ಯತೀರ್ಥ ಎಂದು ಹೆಸರಿಟ್ಟರು.

ಅದೇ ಹೊಳೆಯಲ್ಲಿ ನಾಲ್ಕಾರು ಮೈಲಿ ಆಚೆ ಹೋಗಿ ಮಂಡಕ್ಕಿ ಎಸೆದು ನೋಡಿ. ಇಷ್ಟು ದೊಡ್ಡ ಮೀನುಗಳು ಇಷ್ಟು ನಿರ್ಭಯವಾಗಿ ಬರುವುದಿಲ್ಲ. ನೀರು ಅದೇ, ಮಳೆ ಅದೇ, ಮೀನಿನ ಜಾತಿಯೂ ಅದೇ. ವ್ಯತ್ಯಾಸ ಒಂದೇ: ದೇವಸ್ಥಾನದ ಮುಂದೆ ಯಾರೂ ಗಾಳ ಹಾಕುವುದಿಲ್ಲ. ಅಲ್ಲಿ ನೀರಿನೊಳಗೆ ಗೋಡೆಯಿಲ್ಲ, ಬೇಲಿಯಿಲ್ಲ. ‘ಇದು ಹಿಡಿಯುವ ಜಾಗವಲ್ಲ’ ಎಂಬ ಊರಿನ ಒಪ್ಪಂದವೇ ಅಲ್ಲಿಯ ಬೇಲಿ. ಆ ಒಪ್ಪಂದ ಮುರಿದರೆ ಏನಾಗುತ್ತದೆ ಎಂಬುದಕ್ಕೂ ಶಿಶಿಲವೇ ಸಾಕ್ಷಿ. 1996ರಲ್ಲಿ ಯಾರೋ ನದಿಗೆ ವಿಷ ಬೆರೆಸಿದ್ದರಿಂದ ಅಲ್ಲಿ ಸಾವಿರಾರು ಮೀನುಗಳು ಸತ್ತವು.

ಹೊಳೆಯ ಒಂದು ಮಡುವಿನಲ್ಲಿ ಸಾಧ್ಯವಾದದ್ದು ಕಡಲಿನಲ್ಲಿ ಸಾಧ್ಯವೇ? ಈ ದಿನ ನಾವು ವಿಚಾರ ಮಾಡಬೇಕಾಗಿರುವುದು ಇದೇ ಪ್ರಶ್ನೆಯನ್ನು.

ಮೊದಲಿಗೆ, ಕಡಲಿಗೆ ರಕ್ಷಣೆ ಏಕೆ ಬೇಕು? ಸಮುದ್ರದ ನೀರನ್ನು ಚೊಂಬಿನಲ್ಲಿ ಮೊಗೆದು ಬರಿದು ಮಾಡಲಾದೀತೇ ಎಂದು ನೀವು ಕೇಳಬಹುದು. ದೊಡ್ಡ ದೊಡ್ಡ ವಿಜ್ಞಾನಿಗಳೂ ಒಂದು ಕಾಲಕ್ಕೆ ಹೀಗೆಯೇ ತಿಳಿದಿದ್ದರು. ಡಾರ್ವಿನ್ನನ ವಿಕಾಸವಾದವನ್ನು ಎತ್ತಿಹಿಡಿದ ಥಾಮಸ್ ಹಕ್ಸ್‌ಲಿ 1883ರಲ್ಲಿ ಲಂಡನ್ನಿನ ಮೀನುಗಾರಿಕಾ ಪ್ರದರ್ಶನದಲ್ಲಿ ಮಾತನಾಡುತ್ತ, ಸಮುದ್ರದ ಮಹಾ ಮೀನುಗಾರಿಕೆಗಳು ಬಹುಶಃ ಎಂದೂ ಮುಗಿಯದಂಥವು ಎಂಬ ಅಭಿಪ್ರಾಯ ಕೊಟ್ಟನು. ಅವನ ಕಾಲದ ಹಾಯಿದೋಣಿ, ಹತ್ತಿಯ ಬಲೆಗಳ ಮಟ್ಟಿಗೆ ಆ ಮಾತು ಸರಿಯೇ ಇರಬಹುದು. ಆದರೆ ಮುಂದೆ ಎಂಜಿನ್ ಬಂತು, ನೈಲಾನ್ ಬಲೆ ಬಂತು, ಮಂಜುಗಡ್ಡೆ ಬಂತು. ಮೀನಿನ ಹಿಂಡು ಎಷ್ಟು ಆಳದಲ್ಲಿದೆ ಎಂದು ತೋರಿಸುವ ಧ್ವನಿ ಉಪಕರಣ ಬಂತು. ಕಡಲು ಇದ್ದಷ್ಟೇ ಇತ್ತು, ಮನುಷ್ಯನ ಕೈ ಮಾತ್ರ ಉದ್ದವಾಯಿತು.

ಇದರ ಪರಿಣಾಮವನ್ನು ಜಗತ್ತು ಕಣ್ಣಾರೆ ಕಂಡದ್ದು ಕೆನಡಾ ದೇಶದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ. 1497ರಲ್ಲಿ ಜಾನ್ ಕ್ಯಾಬಟ್ ಎಂಬ ನಾವಿಕ ಆ ಕಡೆ ಹೋಗಿ ಬಂದ ಮೇಲೆ, ಅಲ್ಲಿ ಬುಟ್ಟಿ ಇಳಿಬಿಟ್ಟರೂ ಕಾಡ್ ಮೀನು ಸಿಗುತ್ತದೆ ಎಂಬ ಸುದ್ದಿ ಯೂರೋಪಿನಲ್ಲಿ ಹರಡಿತು. ಮುಂದಿನ ಸುಮಾರು ಐದು ಶತಮಾನ ಆ ಮೀನು ಜನರನ್ನು ಸಾಕಿತು. 1950ರ ದಶಕದಲ್ಲಿ, ಹಿಡಿದ ಮೀನನ್ನು ಅಲ್ಲಿಯೇ ಕೊಯ್ದು ಹೆಪ್ಪುಗಟ್ಟಿಸುವ ಕಾರ್ಖಾನೆಯಂಥ ಹಡಗುಗಳು ಬಂದವು. 1968ರ ಒಂದೇ ವರ್ಷದಲ್ಲಿ ಸುಮಾರು 8 ಲಕ್ಷ ಟನ್ ಕಾಡ್ ಮೀನನ್ನು ಎತ್ತಲಾಯಿತು. ಆಮೇಲೆ ಇಳಿತ ಆರಂಭವಾಯಿತು. ದಡದ ಬಳಿ ಸಣ್ಣ ದೋಣಿಗಳಲ್ಲಿ ಹಿಡಿಯುವವರು 1980ರ ದಶಕದಲ್ಲಿಯೇ ‘ಮೀನು ಕಡಿಮೆಯಾಗುತ್ತಿದೆ, ಸಣ್ಣದಾಗುತ್ತಿದೆ’ ಎಂದು ದೂರಿದರು. ಆದರೆ ದೊಡ್ಡ ಹಡಗುಗಳಿಗೆ, ಉಳಿದ ಮೀನು ಎಲ್ಲಿ ಗುಂಪುಗೂಡಿದ್ದರೂ ಹುಡುಕಿ ಹಿಡಿಯುವ ಶಕ್ತಿ ಇದ್ದುದರಿಂದ ಅವುಗಳ ಲೆಕ್ಕದಲ್ಲಿ ಕೊರತೆ ಕಾಣಲಿಲ್ಲ. 1992ರ ಜುಲೈನಲ್ಲಿ ಕೆನಡಾ ಸರ್ಕಾರ ಕಾಡ್ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನ ಒಮ್ಮೆಗೇ ಕೆಲಸ ಕಳೆದುಕೊಂಡರು. ಆ ನಿಷೇಧ ತೆರವಾದದ್ದು 2024ರಲ್ಲಿ, ಅಂದರೆ 32 ವರ್ಷಗಳ ಬಳಿಕ. ಆಗಲೂ ಆ ವರ್ಷಕ್ಕೆ ಗೊತ್ತುಮಾಡಿದ ಮಿತಿ 18,000 ಟನ್ ಮಾತ್ರ. 8 ಲಕ್ಷವೆಲ್ಲಿ, 18 ಸಾವಿರವೆಲ್ಲಿ!

ಇದು ಒಂದು ದೇಶದ ಕಥೆಯಷ್ಟೇ ಅಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಂತೆ, 1974ರಲ್ಲಿ ಸಮುದ್ರದ ಮೀನು ಸಂಗ್ರಹಗಳ ಪೈಕಿ ಶೇಕಡಾ 10ರಷ್ಟು ಅತಿಯಾದ ಹಿಡಿತಕ್ಕೆ ಗುರಿಯಾಗಿದ್ದವು. ಇತ್ತೀಚಿನ ಲೆಕ್ಕದಲ್ಲಿ ಆ ಪ್ರಮಾಣ ಮೂರರಲ್ಲಿ ಒಂದಕ್ಕಿಂತಲೂ ಹೆಚ್ಚು.

ಮೀನಿನ ಸಂಖ್ಯೆ ಹೀಗೆ ಕುಸಿಯುವುದು ಹೇಗೆ? ರೈತರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಂಥ ಬರಗಾಲದಲ್ಲಿಯೂ ರೈತ ಬಿತ್ತನೆಯ ಬೀಜವನ್ನು ಅಟ್ಟದ ಮೇಲೆ ತೆಗೆದಿಡುತ್ತಾನೆ. ಅದನ್ನೂ ಕುಟ್ಟಿ ಅನ್ನ ಮಾಡಿದರೆ ಆ ಹೊತ್ತಿನ ಹಸಿವೇನೋ ಹಿಂಗೀತು, ಮುಂದಿನ ಮಳೆಗೆ ಬಿತ್ತುವುದೇನನ್ನು? ಕಡಲಿನಲ್ಲಿ ಬಿತ್ತನೆ ಬೀಜವೆಂದರೆ ದೊಡ್ಡ ಹೆಣ್ಣು ಮೀನು. ಇಲ್ಲೊಂದು ಸ್ವಾರಸ್ಯವಿದೆ. ಮೀನು ಎರಡರಷ್ಟು ತೂಕವಾದರೆ ಮೊಟ್ಟೆ ಎರಡರಷ್ಟು ಎಂದು ತಿಳಿಯಬೇಡಿ. ಅಮೆರಿಕದ ತೀರದ ಕೆಂಪು ಸ್ನ್ಯಾಪರ್ ಎಂಬ ಮೀನಿನಲ್ಲಿ 61 ಸೆಂಟಿಮೀಟರ್ ಉದ್ದದ ಒಂದು ಹೆಣ್ಣು ಇಡುವಷ್ಟು ಮೊಟ್ಟೆ ಇಡಲು, 42 ಸೆಂಟಿಮೀಟರ್ ಉದ್ದದ 212 ಹೆಣ್ಣು ಮೀನುಗಳು ಬೇಕು! ದೊಡ್ಡ ಮೀನನ್ನು ಹೆಚ್ಚು ಬೆಲೆಗೆ ಮಾರಿದಾಗ ನಾವು ಮಾರಿದ್ದು ಒಂದು ಮೀನನ್ನಲ್ಲ, ಇಡೀ ಹೆರಿಗೆ ಆಸ್ಪತ್ರೆಯನ್ನು. ಇತ್ತ ಮರಿಮೀನುಗಳನ್ನೂ ಬಿಡದೆ ಹಿಡಿದರೆ ನಾಳೆ ದೊಡ್ಡದಾಗುವ ಮೀನೇ ಉಳಿಯುವುದಿಲ್ಲ. ಎರಡು ಕಡೆಯಿಂದಲೂ ಕತ್ತರಿ.

ಹಾಗಾದರೆ ಕಡಲಿನ ಒಂದು ಭಾಗವನ್ನು ಪೂರ್ತಿಯಾಗಿ ಬಿಟ್ಟುಬಿಟ್ಟರೆ? ಬಿತ್ತನೆ ಬೀಜದ ಕಣಜದಂತೆ ಕಾಪಾಡಿದರೆ? ಇದೇ ಕಡಲ ಮೀಸಲು ಪ್ರದೇಶದ ಕಲ್ಪನೆ. ಅದರ ಸತ್ಯಾಸತ್ಯವನ್ನು ಬಹು ಚೆನ್ನಾಗಿ ತೋರಿಸಿಕೊಟ್ಟವು ಫಿಲಿಪೈನ್ಸ್ ದೇಶದ ಎರಡು ಪುಟ್ಟ ದ್ವೀಪಗಳು, ಸುಮಿಲಾನ್ ಮತ್ತು ಆಪೋ.

ಆ ಎರಡೂ ಪ್ರಯೋಗಗಳ ಹಿಂದೆ ಇದ್ದವರು ಸಿಲಿಮನ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಏಂಜೆಲ್ ಅಲ್ಕಾಲ. ಅವರ ಪ್ರಯತ್ನದಿಂದ 1974ರಲ್ಲಿ ಸುಮಿಲಾನ್ ದ್ವೀಪದ ಸುತ್ತಣ ಹವಳದ ದಿಬ್ಬದ ಸುಮಾರು ಕಾಲುಭಾಗವನ್ನು ಮೀಸಲಾಗಿಟ್ಟು, ಅಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಲಾಯಿತು. ಉಳಿದ ಮುಕ್ಕಾಲು ಭಾಗದಲ್ಲಿ ಜನ ಎಂದಿನಂತೆ ಹಿಡಿಯುತ್ತಿದ್ದರು. ಹತ್ತು ವರ್ಷ ಹೀಗೆ ನಡೆಯಿತು. 1984ರಲ್ಲಿ ಸ್ಥಳೀಯ ಆಡಳಿತ ಬದಲಾಗಿ ಮೀಸಲು ಮುರಿದುಬಿತ್ತು. ಸಿಡಿಮದ್ದು ಹಾಕಿ ಹಿಡಿಯುವವರೂ ನುಗ್ಗಿದರು. ಈಗ ಹಿಡಿಯಲು ಮೊದಲಿಗಿಂತ ಹೆಚ್ಚು ಜಾಗ ಸಿಕ್ಕಿತಲ್ಲವೇ? ಲೆಕ್ಕದ ಪ್ರಕಾರ ಮೀನೂ ಹೆಚ್ಚು ಸಿಗಬೇಕಿತ್ತು. ಆದದ್ದು ತದ್ವಿರುದ್ಧ. ಎರಡು ವರ್ಷಗಳೊಳಗೆ ದ್ವೀಪದ ಒಟ್ಟು ಮೀನಿನ ಹಿಡಿತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮುಕ್ಕಾಲು ಭಾಗ ಕೊಟ್ಟದ್ದನ್ನು ಪೂರ್ತಿ ಭಾಗ ಕೊಡಲಾರದೆ ಹೋಯಿತು. ಮುಟ್ಟದೆ ಬಿಟ್ಟ ಆ ಕಾಲುಭಾಗವೇ ಉಳಿದದ್ದಕ್ಕೆ ಮೀನು ಉಣಿಸುತ್ತಿತ್ತು ಎಂಬುದು ವಿಜ್ಞಾನಿಗಳಿಗೆ ಮನವರಿಕೆಯಾಯಿತು.

ಆಪೋ ದ್ವೀಪದ್ದು ಇನ್ನೊಂದು ಕಥೆ. ಅಲ್ಲಿಯ ಜನರೊಂದಿಗೆ ಅಲ್ಕಾಲ ಮತ್ತು ಅವರ ಸಂಗಡಿಗರು 1979ರಿಂದಲೇ ಮಾತುಕತೆ ಆರಂಭಿಸಿದರು. ಸುಮಿಲಾನ್‌ಗೆ ಕರೆದೊಯ್ದು ಅಲ್ಲಿಯ ಮೀನನ್ನು ತೋರಿಸಿದರು. ಒಪ್ಪಿಗೆಯಾಗಲು ಮೂರು ವರ್ಷ ಹಿಡಿಯಿತು. 1982ರಲ್ಲಿ ಆ ಊರಿನವರೇ ತಮ್ಮ ತೀರದ ಸುಮಾರು 450 ಮೀಟರ್ ಉದ್ದದ ಒಂದು ತುಂಡನ್ನು ಮೀಸಲೆಂದು ಗುರುತಿಸಿದರು. ಅದು ಒಟ್ಟು ಹವಳ ದಿಬ್ಬದ ಹತ್ತನೇ ಒಂದು ಭಾಗದಷ್ಟು. ಕಾವಲಿಗೂ ಅವರೇ ನಿಂತರು. ವರ್ಷಗಳು ಕಳೆದಂತೆ ಒಳಗಿನ ದೊಡ್ಡ ಮೀನುಗಳು ಹೆಚ್ಚಿದವು, ಮೀಸಲಿನ ಅಂಚಿನ ಹೊರಗೂ ಹೆಚ್ಚಿದವು. ಮೀನು ನೋಡಲು ಬರುವ ಪ್ರವಾಸಿಗರಿಂದಲೂ ಊರಿಗೆ ಆದಾಯ ಬಂತು. ಅಲ್ಕಾಲ ಅವರಿಗೆ 1992ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ನ್ಯೂಫೌಂಡ್‌ಲ್ಯಾಂಡಿನಲ್ಲಿ ಬಂದರುಗಳು ಬರಿದಾದ ವರ್ಷವೂ ಅದೇ!

ಸುಮಿಲಾನ್ ಏಕೆ ಮುರಿಯಿತು, ಆಪೋ ಏಕೆ ನಿಂತಿತು? ವಿಜ್ಞಾನ ಎರಡು ಕಡೆಯೂ ಒಂದೇ. ಆಪೋದಲ್ಲಿ ಮೀಸಲು ಊರಿನ ಒಪ್ಪಂದವಾಗಿತ್ತು. ಗೆರೆ ಎಳೆದವರೇ ಗೆರೆ ಕಾದರು. ನಮ್ಮ ಮತ್ಸ್ಯತೀರ್ಥದ ಗುಟ್ಟೂ ಇದೇ ಅಲ್ಲವೇ?

ನಮ್ಮ ದೇಶದಲ್ಲಿಯೂ ಇಂಥ ಮೀಸಲುಗಳಿವೆ. ಗುಜರಾತಿನ ಕಛ್ ಕೊಲ್ಲಿಯಲ್ಲಿ 1982ರಲ್ಲಿ, ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ 21 ದ್ವೀಪಗಳನ್ನೊಳಗೊಂಡು 1986ರಲ್ಲಿ ಕಡಲ ರಾಷ್ಟ್ರೀಯ ಉದ್ಯಾನಗಳು ಆದವು. ಗುಜರಾತಿನ ತೀರದಲ್ಲಿ ಇನ್ನೊಂದು ಸಂಗತಿ ನಡೆಯಿತು. ತಿಮಿಂಗಿಲ ಶಾರ್ಕ್ ಎಂಬ ಜಗತ್ತಿನ ಅತಿ ದೊಡ್ಡ ಮೀನನ್ನು ಅಲ್ಲಿ ಎಣ್ಣೆಗಾಗಿ, ಮಾಂಸಕ್ಕಾಗಿ ಕೊಲ್ಲುತ್ತಿದ್ದರು. 2001ರಲ್ಲಿ ಅದಕ್ಕೆ ಹುಲಿಗೆ ಸಮನಾದ ಕಾನೂನಿನ ರಕ್ಷಣೆ ಸಿಕ್ಕಿತು. ಬರಿಯ ಕಾನೂನು ಸಾಲದೆಂದು, ಆ ಮೀನನ್ನು ಹೆರಿಗೆಗೆ ತವರಿಗೆ ಬಂದ ಮಗಳೆಂದು ಊರೂರಿನಲ್ಲಿ ಪ್ರಚಾರ ಮಾಡಿದರು. ಬಲೆಗೆ ಸಿಕ್ಕಿದ್ದನ್ನು ಬಲೆ ಕತ್ತರಿಸಿ ಬಿಟ್ಟರೆ, ಬಲೆಯ ನಷ್ಟಕ್ಕೆ ಪರಿಹಾರ ಕೊಡುವ ವ್ಯವಸ್ಥೆಯಾಯಿತು. ಅಂದು ಕೊಲ್ಲುತ್ತಿದ್ದ ಕೈಗಳೇ ಮುಂದೆ ನೂರಾರು ತಿಮಿಂಗಿಲ ಶಾರ್ಕುಗಳನ್ನು ಕಡಲಿಗೆ ಮರಳಿಸಿದವು.

ಹೀಗೆಂದ ಮಾತ್ರಕ್ಕೆ ಮೀಸಲು ಪ್ರದೇಶವೊಂದೇ ಎಲ್ಲಕ್ಕೂ ಮದ್ದು ಎಂದು ತಿಳಿಯಬಾರದು. ಹವಳದ ದಿಬ್ಬ, ಬಂಡೆಗಳ ಸಂದಿಯಲ್ಲಿ ನೆಲೆಯಾಗಿರುವ ಮೀನುಗಳಿಗೆ ಅದು ಬಹಳ ಪ್ರಯೋಜನಕಾರಿ. ಆದರೆ ಬೂತಾಯಿ, ಬಂಗುಡೆಗಳು ಒಂದು ಕಡೆ ನಿಲ್ಲುವ ಮೀನುಗಳಲ್ಲ. ಹಿಂಡು ಕಟ್ಟಿಕೊಂಡು ತೀರದುದ್ದಕ್ಕೂ ಅಲೆಯುತ್ತವೆ. ಅವುಗಳಿಗೆ ನಕ್ಷೆಯ ಗೆರೆ ತಿಳಿಯದು. ಅವನ್ನು ಕಾಪಾಡಬೇಕಾದರೆ ಎಲ್ಲಿ ಹಿಡಿಯುತ್ತೇವೆ ಎಂಬುದರ ಜೊತೆಗೆ ಯಾವಾಗ, ಯಾವ ಬಲೆಯಲ್ಲಿ, ಎಷ್ಟು ಹಿಡಿಯುತ್ತೇವೆ ಎಂಬುದನ್ನೂ ನೋಡಬೇಕು. ಸುಸ್ಥಿರ ಬಳಕೆ ಎಂದರೆ ಇದೇ.

ಈ ಮಾತು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನನ್ನದೇ ಒಂದು ತಪ್ಪಿನಿಂದ. 2012ರಲ್ಲಿ, ಮಳೆಗಾಲ ಮುಗಿದು ಬೋಟುಗಳು ಕಡಲಿಗಿಳಿದ ಮೇಲೆ, ನಮ್ಮ ಕರಾವಳಿಯ ಒಂದು ಬಂದರಿಗೆ ಚಿತ್ರೀಕರಣಕ್ಕೆ ಹೋಗಿದ್ದೆವು. ಆ ವರ್ಷ ದೇಶದಲ್ಲೆಲ್ಲ ಬೂತಾಯಿಯ ಸುಗ್ಗಿ. ಧಕ್ಕೆಯ ತುಂಬ ಬೆಳ್ಳಿಯ ರಾಶಿ, ಬುಟ್ಟಿ ಹೊತ್ತ ಹೆಂಗಸರ ಗಲಾಟೆ, ಹಿಂದೆ ಹೊಂಬಿಸಿಲು. ಕ್ಯಾಮೆರಾದವರಿಗೆ ಇದಕ್ಕಿಂತ ಏನು ಬೇಕು? ಒಂದು ಮೂಲೆಯಲ್ಲಿ ಲಾರಿಗೆ ತುಂಬುತ್ತಿದ್ದ ಇನ್ನೊಂದು ರಾಶಿ ಇತ್ತು. ಬೆರಳುದ್ದದ ಮರಿಮೀನು, ಮೀನುಹುಡಿಯ ಕಾರ್ಖಾನೆಗೆ ಹೋಗುವಂಥದ್ದು. ಬಲೆ ಸರಿಮಾಡುತ್ತ ಕುಳಿತಿದ್ದ ವಯಸ್ಸಾದವರೊಬ್ಬರು ಅತ್ತ ಕೈ ತೋರಿಸಿ, “ಅದನ್ನೂ ತೆಗೀರಿ ಮಾರಾಯ್ರೆ. ಅದು ಬರುವ ವರ್ಷದ ಮೀನು,” ಎಂದರು. ನಾವು ನಕ್ಕು, ಅದನ್ನೂ ಚಿತ್ರಿಸಿಕೊಂಡೆವು. ಆದರೆ ಸಂಕಲನದ ಹೊತ್ತಿಗೆ ಸಮಯದ ಕೊರತೆಯಿಂದ ಅದನ್ನು ತೆಗೆದುಹಾಕಿದವರು ಬೇರೆ ಯಾರೂ ಅಲ್ಲ, ನಾನೇ. ಕಾರ್ಯಕ್ರಮ ‘ಕಡಲು ತುಂಬಿ ಕೊಟ್ಟಿದೆ’ ಎಂದು ಹೇಳಿ ಮುಗಿಯಿತು.

ಆಮೇಲಿನ ವರ್ಷಗಳಲ್ಲಿ ಬೂತಾಯಿ ಕಡಿಮೆಯಾಗುತ್ತ ಹೋಯಿತು. ನೆರೆಯ ಕೇರಳದ ಲೆಕ್ಕವನ್ನೇ ನೋಡಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಕಾರ 2012ರಲ್ಲಿ ಅಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್! ಇದಕ್ಕೆ ಮರಿಮೀನು ಹಿಡಿದದ್ದೊಂದೇ ಕಾರಣ ಎಂದು ಹೇಳುವುದು ಸರಿಯಲ್ಲ. ಬೂತಾಯಿ ಸಮುದ್ರದ ಉಷ್ಣತೆಗೆ, ಮಳೆಗೆ, ಆಳದ ತಂಪುನೀರು ಮೇಲೆ ಬರುವ ಪ್ರಮಾಣಕ್ಕೆ ತಕ್ಕಂತೆ ಏರಿಳಿಯುವ ಮೀನು. ಎಲ್ ನಿನ್ಯೋ ಬಂದ ವರ್ಷಗಳಲ್ಲಿ ಅದಕ್ಕೆ ಪೆಟ್ಟು ಬೀಳುತ್ತದೆ. ಆದರೆ ಕೆಟ್ಟ ವರ್ಷ ಬಂದಾಗ ಅಟ್ಟದಲ್ಲಿ ಬಿತ್ತನೆ ಬೀಜವಿದ್ದ ರೈತ ಬೇಗ ಚೇತರಿಸಿಕೊಳ್ಳುತ್ತಾನೆ, ಇಲ್ಲದವನು ಕಂಗಾಲಾಗುತ್ತಾನೆ. ಸಮುದ್ರದ ಉಷ್ಣತೆ ನಮ್ಮ ಕೈಯಲ್ಲಿಲ್ಲದಿರಬಹುದು, ಬಲೆಯ ಕಣ್ಣಿನ ಗಾತ್ರ ನಮ್ಮ ಕೈಯಲ್ಲಿಯೇ ಇದೆ.

ಇದಕ್ಕಾಗಿ ನಮ್ಮಲ್ಲಿ ಇರುವ ಕ್ರಮಗಳಾದರೂ ಯಾವುವು? ಮೊದಲನೆಯದು, ಮಳೆಗಾಲದ ರಜೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ ಅದು. ಇದೇನೂ ಹೊರಗಿನಿಂದ ಬಂದ ವಿಚಾರವಲ್ಲ. ಮಳೆಗಾಲದಲ್ಲಿ ದೋಣಿ ಮೇಲೆಳೆದಿಟ್ಟು, ನೂಲ ಹುಣ್ಣಿಮೆಯ ಸುಮಾರಿಗೆ ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸಿ ಮತ್ತೆ ಇಳಿಯುವುದು ನಮ್ಮ ಮೊಗವೀರರ, ಖಾರ್ವಿಗಳ, ಹರಿಕಾಂತರ ಹಳೆಯ ಪದ್ಧತಿ.

ಎರಡನೆಯದು, ಬಲೆಯ ಕಣ್ಣು. ಟ್ರಾಲ್ ಬಲೆಯ ತುದಿಯಲ್ಲಿ ಮೀನು ಸೇರುವ ಒಂದು ಚೀಲವಿರುತ್ತದೆ. ಅದರ ಕಣ್ಣುಗಳು ವಜ್ರಾಕಾರದಲ್ಲಿದ್ದರೆ ಬೋಟು ಎಳೆಯುವಾಗ ಬಿಗಿದು ಮುಚ್ಚಿಕೊಳ್ಳುತ್ತವೆ, ಮರಿಗಳೂ ಒಳಗೇ ಸಿಕ್ಕಿಬೀಳುತ್ತವೆ. ಚೌಕಾಕಾರದ್ದಾದರೆ ಎಳೆತದಲ್ಲಿಯೂ ತೆರೆದಿದ್ದು ಮರಿಗಳು ನುಸುಳಿ ಹೋಗುತ್ತವೆ. ನೋಡಿ, ಕಣ್ಣಿನ ಆಕಾರದಲ್ಲಿ ಎಷ್ಟು ಜೀವ ಅಡಗಿದೆ! ಮೂರನೆಯದು, ಮೀನಿನ ಅಳತೆ. ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಹಿಡಿಯಬಾರದೆಂದು ಕೇರಳ 2015ರಲ್ಲಿ ನಿಯಮ ಮಾಡಿತು. ನಾಲ್ಕನೆಯದು, ರಾತ್ರಿ ಪ್ರಖರ ಎಲ್‌ಇಡಿ ದೀಪ ಉರಿಸಿ ಮೀನನ್ನು ಸೆಳೆದು ಹಿಡಿಯುವುದನ್ನು ಹಾಗೂ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನು 2017ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು.

ಕಾಗದದ ಮೇಲೆ ಇದೆಲ್ಲ ಚೆನ್ನಾಗಿದೆ. ಆದರೆ ಬೋಟಿನ ಸಾಲ, ಡೀಸೆಲ್ ಖರ್ಚು, ಕೂಲಿ ಎಲ್ಲವನ್ನೂ ಹೊತ್ತು ಹೊರಟ ಮೀನುಗಾರನ ಕಡೆಯಿಂದಲೂ ಒಮ್ಮೆ ಯೋಚಿಸಿ. ‘ನಾನು ಬಿಟ್ಟ ಮರಿಯನ್ನು ಪಕ್ಕದ ಬೋಟಿನವನು ಹಿಡಿಯುತ್ತಾನೆ, ನನಗೇನು ಸಿಕ್ಕಿತು?’ ಎಂದು ಅವನು ಕೇಳಿದರೆ ಅದು ದುರಾಸೆಯ ಮಾತಲ್ಲ. ಎಲ್ಲರೂ ಒಟ್ಟಿಗೆ ಬಿಟ್ಟರೆ ಮಾತ್ರ ಬಿಟ್ಟದ್ದಕ್ಕೆ ಅರ್ಥ. ನಿಯಮ ಮಾಡುವಾಗ ಅವನನ್ನು ಕೂರಿಸಿಕೊಳ್ಳಬೇಕು. ಬಿಟ್ಟ ದಿನಗಳಿಗೆ ಅವನ ಮನೆಯ ಒಲೆ ಉರಿಯುವಂತೆ ನೋಡಿಕೊಳ್ಳಬೇಕು. ನಿಯಮ ಮುರಿದವನು ಸಣ್ಣವನಾದರೂ ದೊಡ್ಡವನಾದರೂ ಒಂದೇ ನ್ಯಾಯ ಇರಬೇಕು. ಆಪೋ ದ್ವೀಪದ ಪಾಠ ಇದು.

ಕಡಲನ್ನು ಕಾಯುವ ಕೆಲಸ ನೀರಿನಲ್ಲಿಯೇ ಆರಂಭವಾಗುವುದಿಲ್ಲ ಎಂಬುದನ್ನೂ ಗಮನಿಸಿ. ಶಿರಸಿಯ ಕಡೆ ಹುಟ್ಟಿ ಕುಮಟಾದ ಬಳಿ ಕಡಲು ಸೇರುವ ಅಘನಾಶಿನಿ ನದಿಗೆ ಒಂದೂ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರು ಬೆರೆಯುವಲ್ಲಿ ಕಾಂಡ್ಲಾ ಕಾಡಿದೆ, ಚಿಪ್ಪಿಕಲ್ಲಿನ ಹಾಸಿದೆ, ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳಿವೆ. ಕಾಂಡ್ಲಾ ಮರದ ಬೇರುಗಳ ನಡುವೆ ಸಿಗಡಿ ಮತ್ತು ಅನೇಕ ಮೀನುಗಳ ಮರಿಗಳು ಬೆಳೆಯುತ್ತವೆ. ಇದೊಂದು ತೊಟ್ಟಿಲು. ಈ ಅಳಿವೆಯನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸರ್ ತಾಣವೆಂದು ಗುರುತಿಸಲಾಯಿತು. ತೊಟ್ಟಿಲನ್ನು ಮುರಿದು ಕಡಲಿನಲ್ಲಿ ಮಗುವನ್ನು ಹುಡುಕಿದರೆ ಸಿಕ್ಕೀತೇ?

ಜಗತ್ತಿನ ರಾಷ್ಟ್ರಗಳೂ ಈಗ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿವೆ. 2030ರೊಳಗೆ ಸಮುದ್ರದ ಶೇಕಡಾ 30 ಭಾಗವನ್ನು ರಕ್ಷಿಸಬೇಕೆಂದು 2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಿಕೊಂಡವು. ಯಾವ ದೇಶಕ್ಕೂ ಸೇರದ ದೂರದ ಕಡಲಿನಲ್ಲಿಯೂ ಮೀಸಲು ಮಾಡಲು ಅವಕಾಶ ಕೊಡುವ ಒಪ್ಪಂದ 2023ರಲ್ಲಿ ಆಯಿತು, 2026ರ ಜನವರಿಯಲ್ಲಿ ಜಾರಿಗೆ ಬಂತು. ಒಳ್ಳೆಯದೇ. ಆದರೆ ನಕ್ಷೆಯ ಮೇಲೆ ನೀಲಿ ಬಣ್ಣ ಬಳಿದು, ಒಳಗೆ ಬಲೆ ಎಳೆಯುತ್ತಲೇ ಇದ್ದರೆ ಅದು ಕಾಗದದ ಮೀಸಲು. ಇನ್ನು, ಸಮುದ್ರವೇ ಕಾದು ಹವಳ ಬಿಳಿಚಿಕೊಂಡರೆ ಒಳ್ಳೆಯ ಕಾವಲುಗಾರನೂ ತಡೆಯಲಾರ. 2011 ಮತ್ತು 2012ರ ಚಂಡಮಾರುತಗಳು ಆಪೋದ ಮೀಸಲಿನ ಹವಳವನ್ನೇ ಪುಡಿಮಾಡಿದವು. ಒಂದೇ ಕಣಜದಲ್ಲಿ ಎಲ್ಲ ಬೀಜವನ್ನೂ ಇಡಬಾರದು ಎಂಬುದು ಅದರ ಪಾಠ.

ವಿದ್ಯಾರ್ಥಿಗಳಾದ ನೀವು ಏನು ಮಾಡಬಹುದು? ಒಂದು ಸಣ್ಣ ಕೆಲಸ ಹೇಳುತ್ತೇನೆ. ನಿಮ್ಮ ಜಾಮಿಟ್ರಿ ಪೆಟ್ಟಿಗೆಯಲ್ಲಿರುವ 15 ಸೆಂಟಿಮೀಟರಿನ ಅಡ್ಡಪಟ್ಟಿ ತೆಗೆದುಕೊಂಡು ಮೀನಿನ ಮಾರುಕಟ್ಟೆಗೆ ಹೋಗಿ. ಬೆಂಗಳೂರಾಗಲಿ, ಹುಬ್ಬಳ್ಳಿಯಾಗಲಿ, ಮಲ್ಪೆಯಾಗಲಿ, ಎಲ್ಲಿಯಾದರೂ ಸರಿ. ಮಾರುವ ಅಕ್ಕನನ್ನು ಕೇಳಿಕೊಂಡು ಇಪ್ಪತ್ತು ಬಂಗುಡೆಗಳ ಉದ್ದ ಅಳೆದು ಬರೆದುಕೊಳ್ಳಿ. 14 ಸೆಂಟಿಮೀಟರಿಗಿಂತ ಚಿಕ್ಕವು ಎಷ್ಟು? ತಿಂಗಳಿಗೊಮ್ಮೆ ಹೀಗೆ ಮಾಡಿದರೆ ವರ್ಷದ ಕೊನೆಗೆ ನಿಮ್ಮ ಕೈಯಲ್ಲಿ ಒಂದು ನಿಜವಾದ ವಿಜ್ಞಾನದ ದಾಖಲೆಯಿರುತ್ತದೆ. ಮೀನು ತಿನ್ನುವ ಮನೆಯವರಾದರೆ ಮರಿಮೀನು ಕೊಳ್ಳಬೇಡಿರೆಂದು ಮನೆಯಲ್ಲಿ ಹೇಳಿ. ಕೊಳ್ಳುವವರಿಲ್ಲದ ಮೀನನ್ನು ಹಿಡಿಯುವವರು ಕಡಿಮೆಯಾಗುತ್ತಾರೆ.

ಮುಂದಿನ ಸಲ ಶೃಂಗೇರಿಗೆ ಹೋದಾಗ ಮಂಡಕ್ಕಿ ಎಸೆಯುವ ಮುನ್ನ ಒಂದು ಗಳಿಗೆ ನಿಂತು ಆ ಮೀನುಗಳನ್ನು ನೋಡಿ. ಅವು ಅಲ್ಲಿರುವುದು ನಮ್ಮ ಹಿಂದಿನವರು ಹಿಡಿಯದೆ ಬಿಟ್ಟದ್ದರಿಂದ. ಅಂದು ಧಕ್ಕೆಯಲ್ಲಿ ಆ ಹಿರಿಯರು ನನಗೆ ತೋರಿಸಿದ ರಾಶಿ, ಅಂದರೆ ‘ಬರುವ ವರ್ಷದ ಮೀನು’, ನಿಮ್ಮದು. ಅದನ್ನು ನಿಮಗಾಗಿ ಬಿಡಿರೆಂದು ನಮ್ಮನ್ನು ಕೇಳುವ ಹಕ್ಕು ನಿಮಗಿದೆ. ಕೇಳಿರಿ.